ಒಂದು ಅಣು ಬರೆದರೆ ಸಾಲದು, ಎರಡು ಬರೆಯಿರಿ

ಪಿಯುಸಿ ಮಕ್ಕಳಿಗೆ ಅಣುಗಳ ನಡುವಿನ ಬಲ ಹೇಳಿಕೊಡುವ ದಿನ ನಾನು ಮೊದಲು ಸ್ಟೀಲ್ ತಟ್ಟೆ ತರುತ್ತೇನೆ. ಒಂದು ಕಡೆ ನೀರಿನ ಹನಿ, ಇನ್ನೊಂದು ಕಡೆ ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ದ್ರವದ ಹನಿ. ನೀವೂ ಮಾಡಿ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಅಸಿಟೋನ್ ಬಿದ್ದ ಕೂಡಲೇ ಹರಡಿ, ನೋಡನೋಡುತ್ತಲೇ ಆರಿಹೋಗುತ್ತದೆ. ನೀರು ಉಬ್ಬಿಕೊಂಡು ಕೂತೇ ಇರುತ್ತದೆ. ಅಸಿಟೋನಿನ ಅಣುತೂಕ 58, ನೀರಿನದು ಬರೀ 18. ಭಾರದ್ದೇ ಮೊದಲು ಹಾರಿಹೋಯಿತಲ್ವಾ?

ಈಗ ಕಾಗದದಲ್ಲಿ ಎರಡು ನೀರಿನ ಅಣು ಪಕ್ಕಪಕ್ಕ ಬರೆಯಿರಿ. ಓದುವಾಗ ನಾನು ಒಂದೇ ಅಣು ಬರೆದು, ಅದರೊಳಗಿನ ಗೆರೆಯನ್ನೇ ಹೈಡ್ರೋಜನ್ ಬಂಧ ಎಂದುಕೊಂಡಿದ್ದೆ. ನೀರು ಕುದಿಯುವಾಗ ಆ ಗೆರೆ ಕಡಿಯುವುದೇ ಇಲ್ಲ. ಬಿಟ್ಟುಹೋಗುವುದು ಒಂದು ಅಣುವಿನ ಹೈಡ್ರೋಜನ್ನಿಗೂ ಪಕ್ಕದ ಅಣುವಿನ ಆಕ್ಸಿಜನ್ನಿಗೂ ಇರುವ ಎಳೆತ. ಅದೇ ಹೈಡ್ರೋಜನ್ ಬಂಧ, ಅದನ್ನು ಚುಕ್ಕೆಗೆರೆಯಲ್ಲಿ ಹಾಕಿ.

ಯಾವ ಅಣು ಕೊಟ್ಟರೂ ಮೊದಲು ಹೈಡ್ರೋಜನ್ ಯಾರಿಗೆ ಅಂಟಿದೆ ನೋಡಿ. ನೈಟ್ರೋಜನ್, ಆಕ್ಸಿಜನ್ ಅಥವಾ ಫ್ಲೋರಿನ್‌ಗೆ ಅಂಟಿದ್ದರೆ ಹೈಡ್ರೋಜನ್ ಬಂಧ ಉಂಟು. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಅಸಿಟೋನಿನಲ್ಲಿ ಆಕ್ಸಿಜನ್ ಇದೆ, ಹೈಡ್ರೋಜನ್ ಕೂಡ ಇದೆ. ಆದರೆ ಆ ಹೈಡ್ರೋಜನ್‌ಗಳೆಲ್ಲ ಕಾರ್ಬನ್‌ಗೆ ಅಂಟಿವೆ. ಹಾಗಾಗಿ ಅಸಿಟೋನ್ ಅಣುಗಳ ನಡುವೆ ಇರುವುದು ದ್ವಿಧ್ರುವ ಆಕರ್ಷಣೆ: ಒಂದರ ಧನ ತುದಿ, ಇನ್ನೊಂದರ ಋಣ ತುದಿ.

ಇವೆರಡೂ ಇಲ್ಲದಿದ್ದರೂ ಲಂಡನ್ ಬಲ ಇದ್ದೇ ಇರುತ್ತದೆ. ಇದು ಊರಿನ ಹೆಸರಲ್ಲ, 1930ರಲ್ಲಿ ಇದನ್ನು ವಿವರಿಸಿದ ಫ್ರಿಟ್ಸ್ ಲಂಡನ್ ಅವರ ಹೆಸರು. ಎಲೆಕ್ಟ್ರಾನ್‌ಗಳು ಕ್ಷಣಕಾಲ ಒಂದು ಕಡೆ ಸರಿದಾಗ ಪಕ್ಕದ ಅಣುವಿನಲ್ಲೂ ಅವು ಸರಿಯುತ್ತವೆ, ಎರಡೂ ಎಳೆದುಕೊಳ್ಳುತ್ತವೆ.

ಹೆಚ್ಚುಕಮ್ಮಿ ಒಂದೇ ತೂಕದ ಮೂರನ್ನು ಹೋಲಿಸಿ. ಅಡುಗೆ ಗ್ಯಾಸಿನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಸಿಟೋನ್ 56ಕ್ಕೆ, ಆಕ್ಸಿಜನ್ನಿಗೆ ಹೈಡ್ರೋಜನ್ ಅಂಟಿರುವ 1-ಪ್ರೊಪನಾಲ್ 97ಕ್ಕೆ. ಲಂಡನ್, ದ್ವಿಧ್ರುವ, ಹೈಡ್ರೋಜನ್ ಬಂಧ, ಇದೇ ಕ್ರಮ.

ತೂಕ ಬೇರೆಬೇರೆ ಆದರೆ ಈ ಕ್ರಮವನ್ನು ಸುಮ್ನೆ ನಂಬಬೇಡಿ. ಅಯೋಡಿನ್‌ಗೆ ಲಂಡನ್ ಬಲ ಬಿಟ್ಟರೆ ಬೇರೇನೂ ಇಲ್ಲ, ಆದರೂ ಅದು ಗಟ್ಟಿ ಹರಳು. ಎಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ ಆ ಎಳೆತ ಜಾಸ್ತಿ.

ಇನ್ನು ನೀವೇ ಮಾಡಿ. ಎಥನಾಲ್, ಡೈಮೀಥೈಲ್ ಈಥರ್ ಎರಡರ ಅಣುಸೂತ್ರವೂ ಒಂದೇ. ಒಂದು 78 ಡಿಗ್ರಿಗೆ ಕುದಿಯುತ್ತದೆ, ಇನ್ನೊಂದು ಮೈನಸ್ 24ಕ್ಕೆ. ಎರಡೆರಡು ಅಣು ಬರೆದು, ಚುಕ್ಕೆಗೆರೆ ಎಲ್ಲಿ ಬರುತ್ತದೆ ಹುಡುಕಿ.