ಗಾಜಿನೊಳಗಿನ ಪ್ರೇಮಿ: ನನ್ನ ಅನುಭವ

ನಾನು ಕ್ಯಾಮೆರಾ ಕೆಲಸ ಮಾಡಿದ ಗೋಥಿಕ್ ಪ್ರೇಮಕಥೆ ಇನ್ನೂ ತೆರೆಗೆ ಬಂದಿಲ್ಲ, ಹಾಗಾಗಿ ಕಥೆ ಬಿಟ್ಟುಕೊಡುವ ಹಾಗಿಲ್ಲ. ಪಾಳುಬಿದ್ದ ಬಂಗಲೆ, ಒಬ್ಬಳು ಹುಡುಗಿ, ಅವಳನ್ನು ಬಿಟ್ಟಿರಲಾರದ ಒಂದು ದೆವ್ವ. ಇಷ್ಟು ಸಾಕು ಅಲ್ವಾ?

ದೆವ್ವ ಅಂದ ಕೂಡಲೇ ಎಲ್ಲರೂ ಗ್ರಾಫಿಕ್ಸ್ ಅಂದರು. ನನಗೆ ಮನಸ್ಸಿರಲಿಲ್ಲ. ಅವಳನ್ನು ಒಂದು ದಿನ, ಅವನನ್ನು ಹಸಿರು ಪರದೆ ಮುಂದೆ ಇನ್ನೊಂದು ದಿನ ಶೂಟ್ ಮಾಡಿ ಅಂಟಿಸಿದರೆ, ಒಬ್ಬರ ಮಾತಿಗೆ ಇನ್ನೊಬ್ಬರು ತಡವರಿಸುವುದು ಎಲ್ಲಿಂದ ಬರಬೇಕು? ಹಳೆಯ ಗಾಜಿನ ಉಪಾಯ ನೋಡೋಣ ಅಂದೆ. 1862ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನ ಉಪನ್ಯಾಸಕ ಜನರಿಗೆ ದೆವ್ವ ತೋರಿಸಿದ್ದು ಹೀಗೇ. ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್‌ದು, ಹೆಸರು ಮಾತ್ರ ಪೆಪ್ಪರ್‌ಗೆ ಅಂಟಿಕೊಂಡಿತು.

ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖವೂ ಹೊರಗಿನ ದೀಪಗಳೂ ಒಟ್ಟಿಗೇ ಕಾಣುತ್ತವಲ್ಲ, ಅದೇ ಸಂಗತಿ. ಲೆನ್ಸ್ ಮುಂದೆ 45 ಡಿಗ್ರಿಗೆ ಗಾಜು ನಿಲ್ಲಿಸಿದೆವು. ಗಾಜಿನ ಆಚೆ, 12 ಅಡಿ ದೂರದಲ್ಲಿ ನಾಯಕಿ. ಪಕ್ಕದಲ್ಲಿ ಕಪ್ಪು ವೆಲ್ವೆಟ್ ಕಟ್ಟಿದ ಗೂಡು, ಅದರೊಳಗೆ ನಾಯಕ. ಗಾಜಿನಿಂದ ಅವನಿಗೂ ಸರಿಯಾಗಿ 12 ಅಡಿ. ಅವನ ಬಿಂಬ ಗಾಜಿನ ಮೇಲೆ ಅಲ್ಲ, ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ಮೂಡುತ್ತದೆ. ನಮ್ಮ ಫೋಕಸ್ ಹುಡುಗ ಮೊದಲು ಗಾಜಿಗೇ ಫೋಕಸ್ ಇಟ್ಟ. ಧೂಳು, ಬೆರಳಿನ ಗುರುತು ಎಲ್ಲಾ ಚೆನ್ನಾಗಿ ಬಂತು, ದೆವ್ವ ಮಾತ್ರ ಮಸುಕು!

ಮೊದಲ ಟೆಸ್ಟ್ ನೆನೆದರೆ ಈಗಲೂ ನಗು ಬರುತ್ತದೆ. ಗೋಥಿಕ್ ನಾಯಕ ಅಂದಮೇಲೆ ಕಪ್ಪು ಕೋಟು ಬೇಡವೇ? ಕಪ್ಪು ವೆಲ್ವೆಟ್ ಮುಂದೆ ಕಪ್ಪು ಕೋಟು ಮಾಯವಾಯಿತು. ಮಾನಿಟರ್‌ನಲ್ಲಿ ಒಂದು ತಲೆ, ಎರಡು ಕೈ ತೇಲುತ್ತಿದ್ದವು. ಪ್ರೇಮ ಹಾಳಾಗಿ ಹೋಗಲಿ, ಮಕ್ಕಳು ಹೆದರುವಂತಿತ್ತು. ಬೂದಿ ಬಣ್ಣದ ಕೋಟು ಹೊಲಿಸಿದರು. ಬಿಂಬದಲ್ಲಿ ಎಡ ಬಲವಾಗುತ್ತದೆ, ಅದಕ್ಕೆ ಗುಂಡಿಗಳನ್ನು ತಿರುಗಾಮುರುಗಾ ಹಾಕಿಸಿ, ಉಂಗುರವನ್ನೂ ಇನ್ನೊಂದು ಕೈಗೆ ತೊಡಿಸಿದೆವು.

ಈ ಕೋನದಲ್ಲಿ ಸಾದಾ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಹತ್ತನೇ ಒಂದು ಪಾಲು ಮಾತ್ರ ಹಿಂದಿರುಗಿಸುತ್ತದೆ. ಅಂದರೆ ಅವಳಷ್ಟೇ ಬೆಳಗಿ ಕಾಣಬೇಕಾದರೆ ಅವನಿಗೆ ಹತ್ತುಪಟ್ಟು ಬೆಳಕು ಬೇಕು. ಆದರೆ ಅವಳ ಮುಖದ ಮೇಲಿದ್ದದ್ದು ಬರೀ ಮೇಣದ ಬತ್ತಿಯ ಬೆಳಕು. ಅದರ ಹತ್ತುಪಟ್ಟು ಏನು ಮಹಾ? ಒಂದೇ ಎಲ್‌ಇಡಿ ಪ್ಯಾನೆಲ್ ಸಾಕಾಯಿತು. ಡಿಮ್ಮರ್ ಏರಿಸಿದರೆ ಬಂದ, ಇಳಿಸಿದರೆ ಹೋದ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿದೆ. ಬೆಳಕಿನ ಬಣ್ಣವನ್ನು ನಾವು ಕೆಲ್ವಿನ್‌ನಲ್ಲಿ ಅಳೆಯುತ್ತೇವೆ, ಅಂಕಿ ಕಡಿಮೆಯಾದಷ್ಟೂ ಕೆಂಪು, ಹೆಚ್ಚಾದಷ್ಟೂ ನೀಲಿ. ಮೇಣದ ಬತ್ತಿ ಸುಮಾರು 1900 ಕೆಲ್ವಿನ್. ಕ್ಯಾಮೆರಾವನ್ನೂ ಅಲ್ಲಿಗೇ ಹೊಂದಿಸಿದರೆ ಜ್ವಾಲೆ ಬೆಳ್ಳಗಾಗಿ ಸಪ್ಪೆಯಾಗುತ್ತದೆ. 3200ಕ್ಕೆ ಇಟ್ಟು, ಅವನ ದೀಪವನ್ನು 5600ಕ್ಕೆ ಇಟ್ಟೆ. ಅವಳು ಕೆಂಡದ ಬಣ್ಣ, ಅವನು ಬೆಳದಿಂಗಳ ನೀಲಿ. ಬಣ್ಣ ಆಮೇಲೆ ಸರಿ ಮಾಡೋಣ ಅನ್ನುವ ಮಾತು ಯಾರಿಂದಲೂ ಬರಲಿಲ್ಲ.

ಒಂದು ದಿನ ಹೊಗೆ ಜಾಸ್ತಿಯಾಯಿತು. ಬಂಗಲೆಗೆ ಬಿಟ್ಟ ಹೊಗೆ ಅವನ ಗೂಡಿಗೂ ನುಗ್ಗಿ, ಅಲ್ಲಿನ ಬೆಳಕಲ್ಲಿ ಹೊಳೆದು, ಅವನ ಸುತ್ತ ಒಂದು ನೀಲಿ ಚೌಕ ಮೂಡಿಸಿತು. ಅರ್ಧ ದಿನದ ಶೂಟಿಂಗ್ ಹೋಯಿತು. ಮಾರನೇ ದಿನದಿಂದ ಗೂಡಿನ ಸಂದುಗಳಿಗೆಲ್ಲ ಟೇಪ್ ಅಂಟಿಸಿದೆವು. ಮೇಣದ ಬತ್ತಿಗಳದೂ ಕಾಟವೇ. ಟೇಕ್ ಹೆಚ್ಚಾದ ಹಾಗೆ ಅವು ಗಿಡ್ಡವಾಗುತ್ತವಲ್ಲ, ಆರ್ಟ್ ವಿಭಾಗದವರು ಒಂದೊಂದು ಸೀನಿಗೂ ಒಂದೊಂದು ಅಳತೆಗೆ ಕತ್ತರಿಸಿ ಪೆಟ್ಟಿಗೆ ತುಂಬ ಇಟ್ಟುಕೊಂಡಿದ್ದರು. ದೆವ್ವ ಪಾರದರ್ಶಕ, ಹಿಂದಿರುವುದೆಲ್ಲ ಅವನ ಮೂಲಕ ಕಾಣುತ್ತದೆ. ಒಂದು ಮೇಣದ ಬತ್ತಿಯ ಸ್ಟ್ಯಾಂಡನ್ನು ಬೇಕೆಂದೇ ಸರಿಸಿ ಅವನ ಎದೆಯ ನೇರಕ್ಕೆ ತಂದೆ. ಅವನ ಎದೆಯೊಳಗೇ ಜ್ವಾಲೆ ಅಲುಗಾಡಿತು.

ಈ ಉಪಾಯದಲ್ಲಿ ಒಂದು ಸಂಕಟವಿದೆ. ಬಿಂಬ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಅವಳ ಎದುರು ಖಾಲಿ ಜಾಗ, ಒಂದು ಟೇಪ್ ಗುರುತು ಅಷ್ಟೇ. ಕಪ್ಪು ಬಟ್ಟೆಯ ಆಚೆಯಿಂದ ಅವನ ದನಿ ಕೇಳುತ್ತಿತ್ತು. ಅವನಿಗಾದರೂ ಫ್ರೇಮ್ ಹೊರಗೆ ಚಿಕ್ಕ ಮಾನಿಟರ್ ಇತ್ತು, ಕನ್ನಡಿ ನೋಡಿ ತಲೆ ಬಾಚಿಕೊಂಡ ಹಾಗೆ ತನ್ನ ಕೈಯನ್ನು ಅವಳ ಕೈ ಮೇಲೆ ತಂದಿಡುತ್ತಿದ್ದ.

ಕೊನೆಯ ದಿನ ಕೈ ಹಿಡಿಯುವ ಶಾಟ್. ಮಾತು ಮುಗಿದಿತ್ತು, ನಿರ್ದೇಶಕರು ಕಟ್ ಹೇಳಲಿಲ್ಲ. ಅವಳು ಟೇಪಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ನನ್ನನ್ನು ಕೇಳಿದಳು.

"ಸಾರ್, ಅವನ ಕೈ ಈಗ ಎಲ್ಲಿದೆ?"

"ನಿಮ್ಮ ಕೈ ಮೇಲೇ ಇದೆ ಮೇಡಂ."

ಅವಳ ಬೆರಳುಗಳು ಮೆಲ್ಲಗೆ ಮುದುಡಿಕೊಂಡವು, ಏನೋ ಹಿಡಿದ ಹಾಗೆ. ಎಡಿಟಿಂಗ್‌ನಲ್ಲಿ ನಮ್ಮಿಬ್ಬರ ದನಿ ತೆಗೆದು ಅದೇ ಟೇಕ್ ಇಟ್ಟುಕೊಂಡಿದ್ದೇವೆ.