ಹಳೇ ಗೋಡೌನು, ಎರಡು ಕೋಣೆ, ಒಂದು ತಿಂಗಳು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಅಂದರೆ ಹಾಜರಿ ಬರೆಯುವವರು. ಆಳುಗಳ ಲೆಕ್ಕ, ಬಟವಾಡೆ, ಗೊಬ್ಬರದ ಚೀಲ ಎಲ್ಲ ಅವರ ಪುಸ್ತಕದಲ್ಲೇ. ಹಾಗಾಗಿ ಆರು ವರ್ಷದ ಹಿಂದೆ, ನಮ್ಮ ಮನೆಗೆ ಒಬ್ಬರು ರೈಟರ್ ಬರ್ತಾರಂತೆ, ಹಳೇ ಗೋಡೌನಿನಲ್ಲಿ ಒಂದು ತಿಂಗಳು ಇರ್ತಾರಂತೆ ಅಂತ ಸುದ್ದಿ ಹಬ್ಬಿದಾಗ ಲೈನ್ ಮನೆಯವರು, ಅಂದರೆ ತೋಟದಲ್ಲೇ ಸಾಲುಮನೆಗಳಲ್ಲಿರುವ ಆಳುಗಳು, ಕೇಳಿದ್ದು ಒಂದೇ ಮಾತು: "ಈಗಿರೋ ರೈಟರನ್ನ ಯಾಕಮ್ಮ ಬಿಡಿಸಿದ್ರಿ?" ಅವರಿಗೆ ಬಿಡಿಸಿ ಹೇಳುತ್ತಾ ಹೋದ ಹಾಗೆ ನಾನು ಏನು ಮಾಡಲು ಹೊರಟಿದ್ದೇನೆ ಅನ್ನುವುದು ನನಗೂ ತಿಳಿಯಾಯಿತು. ಬರೆಯುವವರಿಗೆ, ಚಿತ್ರ ಮಾಡುವವರಿಗೆ ಇರಲು ಒಂದು ಕೋಣೆ, ಕೆಲಸಕ್ಕೆ ಒಂದು ಜಾಗ, ಹೊತ್ತಿಗೆ ಸರಿಯಾಗಿ ಊಟ. ಬಾಡಿಗೆ ಇಲ್ಲ. ಹೊರಡುವಾಗ ಏನನ್ನೂ ಬರೆದು ಒಪ್ಪಿಸಬೇಕಾಗಿಯೂ ಇಲ್ಲ. ಇದಕ್ಕೆ ರೆಸಿಡೆನ್ಸಿ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಆ ಹೆಸರಿನ ಬೋರ್ಡು ಕಂಡರೆ ಅದು ಲಾಡ್ಜು, ಅದಕ್ಕೇ ನಾವು ಬೋರ್ಡೇ ಹಾಕಿಲ್ಲ.

ನಾನು ಕತೆ ಬರೆಯುವವಳು. ಇದಕ್ಕೂ ಮುಂಚೆ ಬೇರೊಂದು ಊರಿನಲ್ಲಿ ಇಂಥದ್ದೇ ಜಾಗದಲ್ಲಿ ಮೂರು ವಾರ ಇದ್ದು ಬಂದಿದ್ದೆ. ಮದುವೆಯಾದ ಮೇಲೆ ಮೊದಲ ಸಲ, ಬೆಳಗ್ಗೆ ಎದ್ದಾಗ ತಿಂಡಿಗೆ ಏನು ಅನ್ನುವ ಯೋಚನೆ ತಲೆಯಲ್ಲಿ ಇರಲಿಲ್ಲ. ಮೊದಲ ಎರಡು ದಿನ ಏನು ಮಾಡಬೇಕೋ ತೋಚದೆ ಸುಮ್ನೆ ಕೂತಿದ್ದೆ. ಮೂರನೇ ದಿನ ಬರೆಯಲು ಕೂತವಳು ಎದ್ದಿದ್ದು ಮಧ್ಯಾಹ್ನ ಎರಡಕ್ಕೆ. ನಾಲ್ಕು ವರ್ಷ ಅರ್ಧಕ್ಕೆ ನಿಂತಿದ್ದ ಬರವಣಿಗೆ ಅಲ್ಲಿ ಮುಗಿಯಿತು. ವಾಪಸ್ ಬರುವಾಗ ಕಡೂರಿನಲ್ಲಿ ರೈಲು ಇಳಿದು ಬಸ್ಸು ಹತ್ತಿದಾಗಿನಿಂದ ಮನೆ ಮುಟ್ಟುವವರೆಗೂ ಕಣದ ಪಕ್ಕದ ಗೋಡೌನೇ ಕಣ್ಣ ಮುಂದೆ. ಮಾವನವರ ಕಾಲದ್ದು, ದಪ್ಪ ಗೋಡೆ, ಮಂಗಳೂರು ಹೆಂಚು, ಒಳಗೆ ಹಳೇ ಗೋಣಿಚೀಲ ಮತ್ತು ಇಲಿ.

ಇದಕ್ಕೆಲ್ಲ ದೊಡ್ಡ ಟ್ರಸ್ಟು, ದೊಡ್ಡ ದುಡ್ಡು ಬೇಕು ಅಂದುಕೊಂಡಿದ್ದೆ. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಲೇಖಕರನ್ನು ಇರಿಸಿಕೊಳ್ಳುತ್ತಿದ್ದ ಸಂಗಮ್ ಹೌಸ್, 2008ರಲ್ಲಿ ಶುರುವಾದದ್ದು, ಅದನ್ನೆಲ್ಲ ಕೇಳಿದಾಗ ನಮ್ಮಂಥವರ ಕೈಗೆ ಸಿಗುವ ಕೆಲಸ ಅಲ್ಲ ಅನ್ನಿಸಿತ್ತು. ಧೈರ್ಯ ಬಂದದ್ದು ಬೆಂಗಳೂರಿನ 1 ಶಾಂತಿರೋಡ್ ನೋಡಿ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಾವಿರುವ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟಿದ್ದಾರೆ. ಒಂದು ಮನೆ ಸಾಕು ಅಂತ ಆಯ್ತಲ್ಲ. ನಮ್ಮಲ್ಲಿ ಗೋಡೌನಾದರೂ ಇದೆ.

ಗೋಡೌನನ್ನು ಎರಡು ಭಾಗ ಮಾಡಿಸಿದೆವು, ಒಂದು ಬರೆಯುವವರಿಗೆ, ಒಂದು ಚಿತ್ರದವರಿಗೆ. ಬರೆಯುವ ಕೋಣೆಗೆ ಜಾಸ್ತಿ ಏನೂ ಬೇಕಾಗಲಿಲ್ಲ. ಅಲುಗಾಡದ ಅಗಲ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ, ಮಂಚ, ಎರಡು ಕಂಬಳಿ. ಕಷ್ಟ ಕೊಟ್ಟಿದ್ದು ಚಿತ್ರದ ಕೋಣೆ.

ಚಿತ್ರದವರು ಎಲ್ಲರೂ ಹೇಳುವುದು ಉತ್ತರದ ಬೆಳಕು ಬೇಕು ಅಂತ, ಯಾಕೆಂದರೆ ಆ ಕಡೆಯಿಂದ ನೇರ ಬಿಸಿಲು ಬೀಳುವುದಿಲ್ಲ, ಬೆಳಗಿನಿಂದ ಸಂಜೆವರೆಗೆ ಬೆಳಕು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಸರಿ ಅಂತ ಮಾಡಿನ ಉತ್ತರದ ಇಳಿಜಾರಿನಲ್ಲಿ ಹದಿನಾಲ್ಕು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದೆ. ಮೇ ತಿಂಗಳಲ್ಲಿ ನೋಡಿದರೆ ಮಧ್ಯಾಹ್ನ ನೆಲದ ಮೇಲೆ ಹದಿನಾಲ್ಕು ಬಿಸಿಲ ಚೌಕ! ಆಮೇಲೆ ತಿಳಿಯಿತು, ಆ ಮಾತು ತಣ್ಣನೆಯ ದೇಶಗಳಿಗೆ ಸರಿ. ನಮ್ಮದು ಸಮಭಾಜಕ ವೃತ್ತದಿಂದ 13 ಡಿಗ್ರಿ ಮೇಲೆ ಅಷ್ಟೇ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಜೂನ್ ಬಂದರೆ ಮೋಡ, ತೊಂದರೆಯಿಲ್ಲ. ಮೇ ತಿಂಗಳಿಗೆ ಮಾತ್ರ ಹೆಂಚಿನ ಕೆಳಗೆ ಬಿಳಿ ಪಂಚೆ ಕಟ್ಟುತ್ತೇವೆ. ಬೆಳಕು ಹಾಲಿನ ಹಾಗೆ ಇಳಿಯುತ್ತದೆ.

ಇನ್ನು ಥಂಡಿ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಜುಲೈನಲ್ಲಿ ಚಪ್ಪಲಿಗೂ ಬೂಷ್ಟು. ಕಲಬುರಗಿ ಕಡೆಯಿಂದ ಬಂದ ಒಬ್ಬ ಹುಡುಗ ದುಬಾರಿ ಜಲವರ್ಣದ ಕಾಗದ ತಂದಿದ್ದ. ಆ ಕಾಗದಕ್ಕೆ ಬಣ್ಣ ಒಮ್ಮೆಲೇ ಹೀರದಿರಲಿ ಅಂತ ಅಂಟು ಸವರಿರುತ್ತಾರೆ, ತೇವಕ್ಕೆ ಆ ಅಂಟು ಕೆಟ್ಟರೆ ಬಣ್ಣ ಅಲ್ಲಲ್ಲಿ ಒಳಗಿಳಿದು ಚುಕ್ಕೆ ಚುಕ್ಕೆಯಾಗುತ್ತದೆ. ಮೂರನೇ ವಾರ ಅವನು ಆಕಾಶ ಬಳಿಯಲು ಹೋದರೆ ಹಾಳೆ ತುಂಬಾ ಮಚ್ಚೆ. ಹುಡುಗ ಏನೂ ಅನ್ನಲಿಲ್ಲ, ಜಗಲಿಯಲ್ಲಿ ಬಂದು ಕೂತ. ನನಗೆ ಹೊಟ್ಟೆಯೊಳಗೆ ಸಂಕಟ. ಅವತ್ತೇ ಮರದ ಬೀರುವಿನೊಳಗೆ ಹಳೇ ಕಾಲದ 40 ವ್ಯಾಟಿನ ಬಲ್ಬು ಹಾಕಿಸಿದೆ. ಎಲ್‌ಇಡಿ ಆಗುವುದಿಲ್ಲ, ಅದು ಬಿಸಿಯಾಗುವುದಿಲ್ಲ. ರೇಷ್ಮೆ ಸೀರೆ ಉಳಿಸಲು ನಮ್ಮತ್ತೆ ಮಾಡುತ್ತಿದ್ದ ಉಪಾಯ ಅದು, ಈಗ ಕಾಗದ, ಕ್ಯಾನ್ವಾಸು, ಕ್ಯಾಮೆರಾ ಎಲ್ಲ ಅದರೊಳಗೇ. ಎಣ್ಣೆಬಣ್ಣದವರಿಗೆ ಮೊದಲೇ ಹೇಳಿಬಿಡುತ್ತೇನೆ, ಮಳೆಗಾಲಕ್ಕೆ ಬರಬೇಡಿ ಅಂತ. ಅದು ನೀರಿನ ಹಾಗೆ ಆರುವ ಬಣ್ಣ ಅಲ್ಲ, ಅದರಲ್ಲಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗಬೇಕು. ನಮ್ಮ ಥಂಡಿಯಲ್ಲಿ ಅದು ತಿಂಗಳಾದರೂ ಕೈಗೆ ಅಂಟುತ್ತದೆ.

ಕಟ್ಟಡದ್ದು ಹೇಗೋ ಆಯಿತು. ನಾನು ನಿಜವಾಗಿ ತಪ್ಪಿದ್ದು ಬೇರೆ ಕಡೆ.

ಮೊದಲು ಬಂದವರು ಧಾರವಾಡದ ಒಬ್ಬ ಕಾದಂಬರಿಕಾರರು. ಮನೆಗೆ ಬಂದವರನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುವುದು ನಮ್ಮ ರಕ್ತದಲ್ಲೇ ಇದೆ, ಅಲ್ವಾ? ಬೆಳಗ್ಗೆ ಅಕ್ಕಿರೊಟ್ಟಿ ಬಿಸಿ ಇರುವಾಗಲೇ ಬನ್ನಿ ಅಂತ ಕರೆಯುವುದು. ಹತ್ತೂವರೆಗೆ ಕಾಫಿ, ಜೊತೆಗೆ ನಾನೂ ಕೂತು ಮಾತು. ಸಂಜೆ ಕಡುಬು ಮಾಡಿದ್ದೇವೆ ಅಂತ ಮತ್ತೆ ಕರೆ. ಒಂದು ದಿನ ಬೇಲೂರು, ಇನ್ನೊಂದು ದಿನ ಹಳೇಬೀಡು. ಯಜಮಾನರು ರಾತ್ರಿ ಅಗ್ಗಿಷ್ಟಿಕೆ ಹಾಕಿ ತೋಟದ ಕತೆ ಶುರು ಮಾಡಿದರೆ ಹನ್ನೊಂದು ಗಂಟೆ. ಹತ್ತನೇ ದಿನ ಅವರು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿ ಊಟ ಭಾಳ ಛಲೋ ಐತಿ. ಆದ್ರ ನಾ ಬಂದು ಹತ್ತ ದಿನ ಆತು, ನಾಕ ಪುಟ ಆಗಿಲ್ರಿ."

ನನಗೆ ಅಳುವೇ ಬಂತು. ನನಗೆ ಮೂರು ವಾರ ಸಿಕ್ಕಿದ್ದ ಆ ನಿಶ್ಶಬ್ದವನ್ನು ನಾನೇ ಇವರಿಂದ ಕಿತ್ತುಕೊಂಡಿದ್ದೆ, ಅದೂ ಪ್ರೀತಿಯಿಂದಲೇ.

ಅಮೆರಿಕದ ಪೀಟರ್‌ಬರೋ ಅನ್ನುವ ಊರಿನಲ್ಲಿ ಮ್ಯಾಕ್‌ಡೊವೆಲ್ ಅಂತ ಇಂಥದ್ದೇ ಒಂದು ಜಾಗ ಇದೆ, 1907ರಿಂದ ನಡೆಯುತ್ತಿದೆ. ಅಲ್ಲಿ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಸ್ಟುಡಿಯೋ ಬಾಗಿಲಲ್ಲಿ ಇಟ್ಟು ಹೋಗುವುದು ಪದ್ಧತಿ. ಓದಿದಾಗ ಇದೆಂಥ ಉಪಚಾರ, ಬೀದಿಗೆ ಇಟ್ಟ ಹಾಗೆ ಅನ್ನಿಸಿತ್ತು. ಧಾರವಾಡದವರ ಮಾತು ಕೇಳಿದ ಮೇಲೆ ಅರ್ಥವಾಯಿತು. ಮಾರನೇ ದಿನ ಗೋಡೌನಿನ ಜಗಲಿ ಕಂಬಕ್ಕೆ ಒಂದು ಕೊಕ್ಕೆ ಹೊಡೆಸಿದೆ. ಈಗ ಒಂದು ಗಂಟೆಗೆ ಅಡುಗೆಯ ಅಕ್ಕ ಬಂದು ಟಿಫಿನ್ ಕ್ಯಾರಿಯರನ್ನು ಅದಕ್ಕೆ ತಗುಲಿಸಿ ಹೋಗುತ್ತಾರೆ. ಬಾಗಿಲು ತಟ್ಟುವುದಿಲ್ಲ, ಊಟ ಆಯ್ತಾ ಅಂತ ಕೇಳುವುದಿಲ್ಲ. ಇದು ಅವರಿಗೆ ಎಷ್ಟು ಕಷ್ಟ ಆಯಿತು ಅಂದರೆ ಮೊದಲ ವಾರ ಹೋಗಿ ಮರದ ಮರೆಯಲ್ಲಿ ನಿಂತು ಕ್ಯಾರಿಯರು ಒಳಗೆ ಹೋಯಿತಾ ಅಂತ ನೋಡಿ ಬರುತ್ತಿದ್ದರು. ರಾತ್ರಿ ಊಟ ಮಾತ್ರ ಎಲ್ಲರೂ ಒಟ್ಟಿಗೆ, ಮನೆಯ ಚಾವಡಿಯಲ್ಲಿ. ದಿನವಿಡೀ ಒಬ್ಬರೇ ಇದ್ದವರಿಗೆ ಆ ಹೊತ್ತಿಗೆ ಮಾತು ಬೇಕಾಗಿರುತ್ತದೆ. ಧಾರವಾಡದವರು ಉಳಿದ ಇಪ್ಪತ್ತು ದಿನದಲ್ಲಿ ಎರಡು ಅಧ್ಯಾಯ ಮುಗಿಸಿ ಹೋದರು.

ಬೇಲೂರಿಗೆ ಈಗ ಅವರವರೇ ಬೇಕೆನಿಸಿದಾಗ ಹೋಗುತ್ತಾರೆ. ಅಲ್ಲಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಿಗಳ ಹೆಸರಿದೆ. ಈಗಿನ ಶಿವಮೊಗ್ಗ ಜಿಲ್ಲೆಯಿಂದ ಅಷ್ಟು ದೂರ ಬಂದು ಕೆಲಸ ಮಾಡಿದವರು. ಅಪ್ಪ ಮಗನಿಗೆ ಇರಲು ಜಾಗ ಯಾರು ಕೊಟ್ಟರೋ, ಅನ್ನ ಯಾರು ಬೇಯಿಸಿ ಹಾಕಿದರೋ ಅಂತ ಪ್ರತಿ ಸಲ ಯೋಚನೆ ಬರುತ್ತದೆ. ಅವರ ಹೆಸರು ಎಲ್ಲೂ ಇಲ್ಲ.

ಯಾರನ್ನು ಕರೆಯುವುದು ಅನ್ನುವುದು ಆಮೇಲಿನ ಪ್ರಶ್ನೆ. ಸರ್ಟಿಫಿಕೇಟು, ಪ್ರಶಸ್ತಿ ಪಟ್ಟಿ ಕೇಳುವುದಿಲ್ಲ. ಇಲ್ಲಿ ಏನು ಮಾಡುತ್ತೀರಿ ಅಂತ ಒಂದು ಪುಟ, ಮಾಡಿದ ಕೆಲಸ ಒಂದಷ್ಟು. ನಾನು ಮುಖ್ಯವಾಗಿ ನೋಡುವುದು ಯಾರಿಗೆ ಮನೆಯಲ್ಲಿ ಮೇಜು ಇಲ್ಲ ಅಂತ. ತುಮಕೂರು ಕಡೆಯ ಒಬ್ಬ ಶಾಲಾ ಶಿಕ್ಷಕಿ, ಕವಿತೆ ಬರೆಯುವವರು, ತಿಂಗಳು ರಜೆ ಸಿಗಲ್ಲ, ಮಗಳಿಗೆ ಐದು ವರ್ಷ ಅಂದರು. ಹನ್ನೆರಡು ದಿನಕ್ಕೆ ಬನ್ನಿ, ಮಗಳನ್ನೂ ಕರೆತನ್ನಿ ಅಂದೆ. ಮಗು ಬೆಳಗ್ಗೆಯಿಂದ ಸಂಜೆವರೆಗೆ ಲೈನ್ ಮನೆ ಮಕ್ಕಳ ಜೊತೆ, ಅಡುಗೆಯ ಅಕ್ಕನ ಸೆರಗು ಹಿಡಿದು. ಬಂದವರು ಹೊರಡುವ ಮುನ್ನ ಹೆಸರು ಬರೆಯಲಿ ಅಂತ ತೋಟದ ಹಳೇ ಹಾಜರಿ ಪುಸ್ತಕ ಒಂದನ್ನು ಇಟ್ಟಿದ್ದೇವೆ. ಆಕೆ ಹನ್ನೆರಡು ಚೌಕಗಳಲ್ಲೂ ಒಂದೊಂದು ಗೀಟು ಹಾಕಿ, ಪಕ್ಕದಲ್ಲಿ "ಪೂರ್ತಿ ದಿನ" ಅಂತ ಬರೆದು ಹೋಗಿದ್ದಾರೆ. ಅರ್ಧ ದಿನದ ಕೂಲಿ, ಪೂರ್ತಿ ದಿನದ ಕೂಲಿ ಅಂತ ಬರೆಯುವ ಪುಸ್ತಕ ಅದು.

ಕಾಲದ ಲೆಕ್ಕ ತೋಟದ್ದೇ. ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಒಳ್ಳೆಯ ಸಮಯ. ಆಮೇಲೆ ಅರೇಬಿಕಾ ಕೊಯ್ಲು ಜೋರಾದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು, ಕಣದಲ್ಲಿ ಜನ, ನಮಗೂ ಪುರುಸೊತ್ತಿಲ್ಲ, ಆಗ ಯಾರನ್ನೂ ಕರೆಯುವುದಿಲ್ಲ. ಕಾಫಿ ಹೂ ನೋಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಮಳೆ ಮಾರ್ಚಿಗೋ ಏಪ್ರಿಲ್ಲಿಗೋ ಯಾರು ಹೇಳುತ್ತಾರೆ? ಅದಕ್ಕೆಂದೇ ದಿನ ಗೊತ್ತುಮಾಡಿಕೊಂಡು ಬರಬೇಡಿ ಅನ್ನುತ್ತೇನೆ. ಮಳೆಗಾಲ ಬರೆಯುವವರಿಗೆ ಮಾತ್ರ, ಅದೂ ಕರೆಂಟು ನಾಲ್ಕು ದಿನ ಇಲ್ಲದಿದ್ದರೂ ಪರವಾಗಿಲ್ಲ, ಇಂಬಳಕ್ಕೆ (ಜಿಗಣೆಗೆ) ಹೆದರಲ್ಲ ಅನ್ನುವವರಿಗೆ.

ದುಡ್ಡಿನ ವಿಷಯ. ರಿಪೇರಿಗೆ ಹಾಕಿದ್ದು ಆ ವರ್ಷದ ಮೆಣಸಿನ ದುಡ್ಡು. ಊಟದ ಖರ್ಚು ಮನೆಯ ಅಡುಗೆಯಲ್ಲೇ ಹೋಗುತ್ತದೆ. ಅಡುಗೆಯ ಅಕ್ಕನಿಗೆ ಮಾತ್ರ ಆ ತಿಂಗಳುಗಳಲ್ಲಿ ಬೇರೆಯಾಗಿ ಸಂಬಳ ಕೊಡಲೇಬೇಕು, ಅವರ ಕೆಲಸ ಇಲ್ಲದೆ ಇದೇನೂ ನಡೆಯುವುದಿಲ್ಲ. ವರ್ಷಕ್ಕೆ ನಾಲ್ಕು ಜನಕ್ಕಿಂತ ಹೆಚ್ಚು ನಮ್ಮ ಕೈಲಾಗಲ್ಲ. ಹೊರದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸಬೇಕು, ಅದನ್ನು ಮರೆಯುವ ಹಾಗಿಲ್ಲ.

ಹೋದ ವಾರ ಏಣಿ ಹಾಕಿ ಗಾಜಿನ ಹೆಂಚಿನ ಮೇಲಿನ ಪಾಚಿ ಉಜ್ಜಿಸಿದೆವು. ಅಕ್ಟೋಬರ್ ಮೊದಲ ವಾರ ವಿಜಯಪುರದಿಂದ ಒಬ್ಬರು ಬರುತ್ತಿದ್ದಾರೆ, ಮಣ್ಣಿನಲ್ಲಿ ಕೆಲಸ ಮಾಡುವವರು. ಸುಡಲು ಒಂದು ಗೂಡು ಕಟ್ಟಿಕೊಳ್ಳಬಹುದಾ ಅಂತ ಕೇಳಿದ್ದಾರೆ. ಕಣದಿಂದ ದೂರ, ಗಾಳಿ ತೋಟದ ಕಡೆ ಹೋಗದ ಜಾಗ ಬೇಕು. ಹಳೇ ಹಟ್ಟಿಯ ಹಿಂದೆ ಆಗಬಹುದು ಅಂತ ಯಜಮಾನರು ಹೇಳುತ್ತಿದ್ದಾರೆ, ನಾಳೆ ಹೋಗಿ ನೋಡಬೇಕು.