ದಿನಾ ನಡೆಯುವ ದಾರಿಯಲ್ಲೇ ಕಲೆ ಹುಡುಕುವುದು ಹೇಗೆ

ನಾನು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಚಿತ್ರಸಂತೆಗೆ ಹೋಗಿ, ಗ್ಯಾಲರಿಗೂ ಹೋಗಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಅದಕ್ಕೂ ಮೊದಲು ಅವರವರ ಬೀದಿಯಲ್ಲಿ ಯಾರೋ ಕೈಯಾರೆ ಮಾಡಿಟ್ಟದ್ದನ್ನು ಒಂದಾದರೂ ನೋಡಿಕೊಂಡು ಬರಬೇಕಿತ್ತು. ಈಗ ನಿವೃತ್ತನಾದ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೇನೆ, ಜಾಸ್ತಿ ಹೊತ್ತು.

ಕಲೆ ಹುಡುಕಲೆಂದೇ ಹೊರಡಬೇಡಿ. ಹಾಲಿಗೆ, ತರಕಾರಿಗೆ, ಬಸ್ ಸ್ಟಾಪಿಗೆ ಹೋಗುವ ದಾರಿಯೇ ಸಾಕು. ಹೋಗುವಾಗ ಒಂದು ಕಡೆ ನಡೆಯಿರಿ, ಬರುವಾಗ ಎದುರು ಕಡೆ. ಅಂಗಡಿ ಬೋರ್ಡಿಗಿಂತ ಮೇಲೆ ಗೋಡೆಯಲ್ಲಿ ಏನಿದೆ ಅಂತ ಅದೇ ಅಂಗಡಿಯ ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಎದುರು ಫುಟ್‌ಪಾತಿನಿಂದ ಚೆನ್ನಾಗಿ ಕಾಣುತ್ತದೆ. ಒಂದು ಮಾತು: ನಡೆಯುತ್ತಾ ತಲೆ ಎತ್ತಬೇಡಿ. ನಮ್ಮ ಫುಟ್‌ಪಾತ್‌ಗಳ ಚಪ್ಪಡಿಗಳ ಕಥೆ ಗೊತ್ತಲ್ವಾ. ಮೊದಲು ನಿಲ್ಲಿ, ಆಮೇಲೆ ನೋಡಿ.

ನಾನಿರುವ ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಶುರುವಾದ ಬಡಾವಣೆ. ಕೆಳಗೆ ರೋಲಿಂಗ್ ಶಟರ್ ಬಂದಿದ್ದರೂ ಕೆಲವು ಮನೆಗಳ ನೆತ್ತಿಯಲ್ಲಿ ಹಳೆಯ ಗಾರೆ ಕೆಲಸ ಇನ್ನೂ ಉಳಿದಿದೆ. ಗಜಲಕ್ಷ್ಮಿ, ನವಿಲು, ಬಳ್ಳಿ, ಮನೆ ಕಟ್ಟಿಸಿದವರ ಹೆಸರು, ಇಸವಿ. ನಮ್ಮ ರಸ್ತೆಯ ಒಂದು ಕಟ್ಟಡದ ಮೇಲೆ ಎದುರುಬದುರಾಗಿ ಎರಡು ಸಿಂಹಗಳಿವೆ. ನೋಡಿದ ತಕ್ಷಣ ಜೋಡಿ ಅನ್ನಿಸುತ್ತದೆ. ಸ್ವಲ್ಪ ಹೊತ್ತು ನಿಂತರೆ ವ್ಯತ್ಯಾಸ ಕಾಣುತ್ತದೆ. ಎಡಗಡೆಯ ಸಿಂಹದ ಕೇಸರವನ್ನು ಹಸಿ ಗಾರೆಯಲ್ಲಿ ಬೆರಳಿಂದ ಒತ್ತಿ ಮಾಡಿದ್ದಾರೆ. ಬಲಗಡೆಯದನ್ನು ಕರಣೆಯ ತುದಿಯಲ್ಲಿ ಗೀರಿದ್ದಾರೆ. ಇದು ಎರಡು ಕೈಗಳ ಕೆಲಸ. ಬಹುಶಃ ಒಬ್ಬ ಮೇಸ್ತ್ರಿ, ಒಬ್ಬ ಶಿಷ್ಯ. ಹೀಗೆ ಜೋಡಿಯಾಗಿ ಏನೇ ಕಂಡರೂ ಎರಡನ್ನೂ ಹೋಲಿಸಿ ನೋಡಿ. ಮಾಡಿದವರು ಯಾರಿರಬಹುದು ಅನ್ನುವ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಹೊತ್ತು ತುಂಬಾ ಮುಖ್ಯ. ನಡು ಮಧ್ಯಾಹ್ನ ಉಬ್ಬುಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಎಳೆ ಬಿಸಿಲು ಅಥವಾ ಸಂಜೆಯ ಇಳಿಬಿಸಿಲು ಪಕ್ಕದಿಂದ ಬಿದ್ದಾಗ ಸವೆದ ಗೆರೆಗೂ ನೆರಳು ಬರುತ್ತದೆ. ಮರದ ಕೆಳಗಿದ್ದು ಬಿಸಿಲೇ ಬೀಳದಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ, ಹೆಚ್ಚುಕಡಿಮೆ ಅದರ ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಎದುರಿಂದ ಬಿಟ್ಟರೆ ಏನೂ ಕಾಣುವುದಿಲ್ಲ.

ಈ ಉಪಾಯ ಅತಿ ಹೆಚ್ಚು ಬೇಕಾಗುವುದು ವೀರಗಲ್ಲುಗಳಿಗೆ, ಅಂದರೆ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿಗೆ. ಬೆಂಗಳೂರು ಎಷ್ಟೋ ಹಳ್ಳಿಗಳನ್ನು ನುಂಗಿ ಬೆಳೆದ ಊರು. ಆ ಹಳ್ಳಿಗಳ ಕಲ್ಲುಗಳು ಈಗ ಗುಡಿಯ ಪಕ್ಕ, ಅಶ್ವತ್ಥಕಟ್ಟೆಯ ಬುಡದಲ್ಲಿ, ಅಪಾರ್ಟ್‌ಮೆಂಟ್ ಕಾಂಪೌಂಡಿನ ಮೂಲೆಯಲ್ಲಿ ನಿಂತಿವೆ. ಹಳೇ ಊರಿನ ಹೆಸರು ಉಳಿಸಿಕೊಂಡ ಬಡಾವಣೆಯಲ್ಲಿ ನೀವಿದ್ದರೆ ಮೊದಲು ಅಲ್ಲಿನ ಗ್ರಾಮದೇವತೆಯ ಗುಡಿಯ ಸುತ್ತ ನೋಡಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ. ಬೆಂಗಳೂರು ಅನ್ನುವ ಹೆಸರು ಅದರಲ್ಲಿ ಬರುತ್ತದೆ, ಅದೂ ಒಂದು ಕಾಳಗದ ಮಾತಿನಲ್ಲಿ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿಟ್ಟಯ್ಯ ಅನ್ನುವ ವೀರನ ಕಲ್ಲು ಅದಕ್ಕೂ ಹಳೆಯದು, ಸುಮಾರು 750ರದ್ದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಹೋರಾಟ. ಸತ್ತ ವೀರನನ್ನು ಸುತ್ತಲಿನವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ. ಕೈಯಲ್ಲಿ ಬಿಲ್ಲೋ ಕತ್ತಿಯೋ, ಸೊಂಟದಲ್ಲಿ ಬಾಕು. ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಾಡಿದ್ದು. ಹುಲಿ ಇದ್ದರೆ ಹುಲಿಯೊಡನೆ ಸೆಣಸಿ ಸತ್ತದ್ದು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಇವನ ಹೆಸರಿರಲಿ ಅಂತ. ಬಳೆ ತೊಟ್ಟ ಕೈಯೊಂದು ಮೊಣಕೈ ಮಡಚಿ ಮೇಲೆದ್ದಿದ್ದರೆ ಅದು ಮಾಸ್ತಿಕಲ್ಲು, ಅಂದರೆ ಗಂಡನ ಹಿಂದೆ ಸತಿ ಹೋದವಳ ನೆನಪಿನ ಕಲ್ಲು. ಅದರ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

ಇಂಥ ಕಲ್ಲುಗಳಿಗೆ ಪೂಜೆ ನಡೆಯುತ್ತಿರುತ್ತದೆ. ಚಪ್ಪಲಿ ಬಿಟ್ಟು, ಅಲ್ಲಿದ್ದವರನ್ನು ಕೇಳಿ ಹತ್ತಿರ ಹೋಗಿ. "ಅಮ್ಮಾ, ಇದು ಯಾವ ದೇವರು?" ಅಂದರೆ ಸಾಕು, ಅರ್ಧ ಊರಿನ ಕಥೆ ಬರುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಉಜ್ಜುವುದು, ಬಣ್ಣ ಕೆರೆಯುವುದು ಮಾತ್ರ ಖಂಡಿತ ಬೇಡ.

ಗೋಡೆ ಚಿತ್ರಗಳಲ್ಲಿ ಮೊದಲು ಕೆಳಗಿನ ಮೂಲೆ ನೋಡಿ. ಬಣ್ಣದ ಬೋರ್ಡು, ಗರಡಿಮನೆಯ ಆಂಜನೇಯ, ಶಾಲೆ ಗೋಡೆಯ ಜೋಗದ ಜಲಪಾತ, ಯಾವುದೇ ಇರಲಿ, ಅಲ್ಲಿ ಸಣ್ಣದಾಗಿ ಯಾವುದೋ ಒಂದು 'ಆರ್ಟ್ಸ್' ಅಂತ ಹೆಸರಿರುತ್ತದೆ. ಅದನ್ನು ಬರೆದುಕೊಳ್ಳಿ. ಫ್ಲೆಕ್ಸ್ ಬಂದ ಮೇಲೆ ಈ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಒಂದೇ ಹೆಸರು ನಾಲ್ಕು ಬೀದಿಗಳಲ್ಲಿ ಸಿಕ್ಕಿದಾಗ ಆಗುವ ಖುಷಿಯೇ ಬೇರೆ. ಹೊಸ ತಲೆಮಾರಿನವರನ್ನೂ ಬಿಡಬೇಡಿ. ಅರವಾಣಿ ಆರ್ಟ್ ಪ್ರಾಜೆಕ್ಟಿನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರು ಬಿಡಿಸಿದ ದೊಡ್ಡ ದೊಡ್ಡ ಮುಖಗಳು ನಗರದ ಗೋಡೆಗಳ ಮೇಲಿವೆ. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಸೃಷ್ಟಿ ಕಲೆ-ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಕೆಲಸ ಮಾಡಿದ್ದಾರೆ. ಅಲ್ಲಿ ಇಳಿದರೆ ಎಸ್ಕಲೇಟರ್ ಹತ್ತುವ ಅವಸರ ಬೇಡ.

ಕೆಲವು ಕೃತಿಗಳಿಗೆ ಆಯುಸ್ಸೇ ಕಡಿಮೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಮೊಸಳೆಯ ಪ್ರತಿಕೃತಿ ತಂದಿಟ್ಟರು. 2019ರಲ್ಲಿ ಹೇರೋಹಳ್ಳಿ ಕಡೆ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟನನ್ನು ರಾತ್ರಿ ಹೊತ್ತು ನಡೆಸಿದರು, ರಸ್ತೆ ಚಂದ್ರನ ನೆಲದಂತೆಯೇ ಕಂಡಿತು. ಬಾಗಿಲ ಮುಂದಿನ ರಂಗೋಲಿಯೂ ಹೀಗೆಯೇ. ಗಾಡಿಗಳ ಓಡಾಟ ಶುರುವಾಗುವ ಮುಂಚೆ ಹೋದವರಿಗಷ್ಟೇ ಪೂರ್ತಿ ಸಿಗುತ್ತದೆ. ಧನುರ್ಮಾಸದಲ್ಲಿ ಬೇಗ ಎದ್ದು ಹೊರಡಿ.

ಫೋಟೋ ತೆಗೆಯುವಾಗ ಎರಡು ತೆಗೆಯಿರಿ. ಒಂದು ಹತ್ತಿರದಿಂದ, ಇನ್ನೊಂದು ಪಕ್ಕದ ಕಟ್ಟಡ, ಅಂಗಡಿ ಕಾಣುವ ಹಾಗೆ ದೂರದಿಂದ. ಹಳೇ ಮನೆ ಕೆಡವಿದ ಮೇಲೆ ಆ ಎರಡನೆಯದೇ ಸಾಕ್ಷಿ. ತಾರೀಖು, ಅಡ್ಡರಸ್ತೆ ಬರೆದಿಡಿ. ಅಕ್ಷರ ಇರುವ ಕಲ್ಲು ಸಿಕ್ಕಿದರೆ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಗೆ ತಿಳಿಸಿ. ಬೆಂಗಳೂರಿನ ಶಾಸನಗಳನ್ನು ಅವರು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅವರು ಬಂದು ನೋಡುವವರೆಗೆ ಕಲ್ಲನ್ನು ಇದ್ದ ಜಾಗದಿಂದ ಯಾರೂ ಕದಲಿಸದಂತೆ ಅಕ್ಕಪಕ್ಕದವರಿಗೊಂದು ಮಾತು ಹೇಳಿ ಬನ್ನಿ.